ಅಗಲ ಸೊನ್ನೆ, ತೂಕ ಒಂದು

ಕನ್ನಡ ಅಕ್ಷರಮಾಲೆಯನ್ನು ಕಲಿತವರಿಗೆಲ್ಲ ಸ್ವರಗಳಿಗೂ ವ್ಯಂಜನಗಳಿಗೂ ನಡುವೆ ಕುಳಿತಿರುವ ಎರಡು ವಿಚಿತ್ರ ಚಿಹ್ನೆಗಳ ಪರಿಚಯ ಉಂಟು. ಅವು ಅನುಸ್ವಾರ ಮತ್ತು ವಿಸರ್ಗ. ವೈಯಾಕರಣರು ಅವಕ್ಕೆ ಇಟ್ಟ ಹೆಸರು ಯೋಗವಾಹ. ಅನುಸ್ವಾರವೆಂದರೆ ಬರಿಯ ಒಂದು ಸೊನ್ನೆ. ಅದೊಂದನ್ನೇ ಕಾಗದದ ಮೇಲೆ ಬರೆದು ‘ಇದನ್ನು ಓದಿ’ ಎಂದು ಮುಂದೆ ಹಿಡಿದರೆ ಎಂಥ ಪಂಡಿತನೂ ತಡವರಿಸುತ್ತಾನೆ. ‘ಅಂಕ’ದಲ್ಲಿ ಅದು ಙಕಾರ, ‘ಅಂಚೆ’ಯಲ್ಲಿ ಞಕಾರ, ‘ಅಂಟು’ ಎಂಬಲ್ಲಿ ಣಕಾರ, ‘ಅಂತ್ಯ’ದಲ್ಲಿ ನಕಾರ, ‘ಅಂಬು’ ಎಂಬಲ್ಲಿ ಮಕಾರ. ತನ್ನದೆಂದು ಹೇಳಿಕೊಳ್ಳುವ ಸ್ಥಿರವಾದ ಧ್ವನಿ ಅದಕ್ಕಿಲ್ಲ; ಆದರೆ ನೆರೆಯ ಅಕ್ಷರದ ಯೋಗ ದೊರೆತೊಡನೆ ಅದರ ಕೆಲಸದಲ್ಲಿ ಲವಲೇಶವೂ ಸಂದೇಹವಿರುವುದಿಲ್ಲ.

ಇಂಥದೇ ಒಂದು ಯೋಗವಾಹ ಗಣಿತಶಾಸ್ತ್ರದಲ್ಲಿಯೂ ಉಂಟು. ಅದರ ಹೆಸರು ಡೆಲ್ಟಾ ಫಲನ. ಪರಮಾಣುವಿನ ಒಳಗುಟ್ಟನ್ನು ವಿವರಿಸುವ ಕ್ವಾಂಟಂ ಭೌತಶಾಸ್ತ್ರದ ಪಠ್ಯಪುಸ್ತಕವನ್ನು ತೆರೆದರೆ, ನಾಲ್ಕಾರು ಅಧ್ಯಾಯಗಳು ಕಳೆಯುವಷ್ಟರಲ್ಲಿ ಅದು ಕಣ್ಣಿಗೆ ಬೀಳದೆ ಇರುವುದು ಅಪರೂಪ. ವಿನೋದವೆಂದರೆ, ಭೌತವಿಜ್ಞಾನಿಗಳು ಅದನ್ನು ಸುಮಾರು ಇಪ್ಪತ್ತು ವರ್ಷ ಧಾರಾಳವಾಗಿ ಬಳಸಿದ ಮೇಲೆಯೇ ಅದಕ್ಕೆ ಸರಿಯಾದ ವ್ಯಾಕರಣ ದೊರೆತದ್ದು. ಅಲ್ಲಿಯವರೆಗೆ ಅದನ್ನು ಕಂಡರೆ ಶುದ್ಧ ಗಣಿತಜ್ಞರು ಮುಖ ಸಿಂಡರಿಸುತ್ತಿದ್ದರು.

ಅವರ ಆಕ್ಷೇಪಣೆ ಏನು? ಒಂದು ಸಂಖ್ಯೆಯನ್ನು ಕೊಟ್ಟರೆ ಅದಕ್ಕೆ ತಕ್ಕ ಇನ್ನೊಂದು ಸಂಖ್ಯೆಯನ್ನು ಹಿಂತಿರುಗಿಸುವ ನಿಯಮಕ್ಕೆ ಗಣಿತದಲ್ಲಿ ಫಲನವೆಂದು ಹೆಸರು. ದಿನದ ಹೊತ್ತನ್ನು ಕೊಟ್ಟರೆ ಆ ಹೊತ್ತಿನ ಉಷ್ಣತೆಯನ್ನು ತಿಳಿಸುವ ಗೆರೆ ಒಂದು ಫಲನ. ಡೆಲ್ಟಾ ಫಲನವನ್ನಾದರೋ ಸಾಮಾನ್ಯವಾಗಿ ಹೀಗೆ ವರ್ಣಿಸುತ್ತಾರೆ: ಒಂದು ಬಿಂದುವಿನ ಹೊರತು ಉಳಿದೆಲ್ಲ ಕಡೆಯೂ ಅದರ ಬೆಲೆ ಸೊನ್ನೆ, ಆ ಒಂದು ಬಿಂದುವಿನಲ್ಲಿ ಅನಂತ, ಆದರೂ ಗೆರೆಯ ಕೆಳಗಿನ ಒಟ್ಟು ಹರವು ಸರಿಯಾಗಿ ಒಂದು. ಅಗಲವೇ ಇಲ್ಲದ ಗೆರೆಗೆ ಹರವು ಎಲ್ಲಿಂದ ಬರಬೇಕು? ಗಣಿತಜ್ಞನ ಪ್ರಶ್ನೆ ನ್ಯಾಯವಾದದ್ದೇ. ಫಲನದ ಶಾಸ್ತ್ರೀಯವಾದ ವ್ಯಾಖ್ಯೆಯ ಪ್ರಕಾರ ಇಂಥ ಫಲನವಿರುವುದು ಸಾಧ್ಯವೇ ಇಲ್ಲ.

ಒಂದು ಲೀಟರ್ ಹಾಲು

ಆದರೆ ಈ ಅಸಾಧ್ಯವಾದ ವಸ್ತುವಿನ ಬಳಿಗೆ ಹೋಗುವ ದಾರಿ ಮಾತ್ರ ತೀರ ಸಾಧಾರಣವಾದದ್ದು. ಒಂದು ಲೀಟರ್ ಹಾಲನ್ನು ತೆಗೆದುಕೊಳ್ಳೋಣವಾಗಲಿ. ತಳದ ಹರವು ನೂರು ಚದರ ಸೆಂಟಿಮೀಟರ್ ಇರುವ ನೇರ ಗೋಡೆಯ ಪಾತ್ರೆಗೆ ಅದನ್ನು ಸುರಿದರೆ ಹತ್ತು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ತಳ ಹತ್ತು ಚದರ ಸೆಂಟಿಮೀಟರ್ ಆದರೆ ಎತ್ತರ ಒಂದು ಮೀಟರ್. ತಳ ಒಂದೇ ಚದರ ಸೆಂಟಿಮೀಟರ್ ಆದರೆ ಹತ್ತು ಮೀಟರ್, ಮೂರಂತಸ್ತಿನ ಮನೆಯಷ್ಟಾಯಿತು. ತಳವನ್ನು ಒಂದು ಚದರ ಮಿಲಿಮೀಟರಿಗೆ ಇಳಿಸಿದರೆ ಹಾಲಿನ ಕಂಬ ಒಂದು ಕಿಲೋಮೀಟರ್ ಎತ್ತರ ಏರಬೇಕು. ಪಾತ್ರೆ ಎಷ್ಟು ಸಪೂರವಾದರೂ ಹಾಲು ಮಾತ್ರ ಒಂದೇ ಲೀಟರ್. ಈ ಪಾತ್ರೆಗಳ ಸಾಲಿನಲ್ಲಿ ಪ್ರತಿಯೊಂದೂ ಸಾಮಾನ್ಯವಾದದ್ದು, ಅಳೆಯಬಹುದಾದದ್ದು. ಸಾಲು ಎತ್ತ ಸಾಗುತ್ತಿದೆಯೋ ಆ ದಿಕ್ಕಿನ ಕೊನೆಗೆ, ಅಂದರೆ ಪರಿಮಿತಿಗೆ, ಡೆಲ್ಟಾ ಎಂದು ಹೆಸರು. ಆ ಕೊನೆಯಲ್ಲಿ ಪಾತ್ರೆಯಿಲ್ಲ; ಸಾಲು ಮಾತ್ರ ಉಂಟು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಅಗಲ ಸೊನ್ನೆ, ಎತ್ತರ ಅನಂತ’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ತಳವನ್ನು ಪ್ರತಿಸಲವೂ ನೂರನೆಯ ಒಂದು ಪಾಲಿಗೆ ಇಳಿಸಿ, ಎತ್ತರವನ್ನು ಹತ್ತು ಪಟ್ಟು ಮಾತ್ರ ಏರಿಸುತ್ತ ಹೋದರೆ, ಎತ್ತರವೇನೋ ಮುಗಿಲು ಮುಟ್ಟುತ್ತದೆ, ಆದರೆ ಹಾಲು ಪ್ರತಿಸಲವೂ ಹತ್ತನೆಯ ಒಂದು ಪಾಲಾಗಿ ಕಡೆಗೆ ಏನೂ ಉಳಿಯುವುದಿಲ್ಲ. ಎತ್ತರವನ್ನು ಹತ್ತು ಸಾವಿರ ಪಟ್ಟು ಏರಿಸುತ್ತ ಹೋದರೆ ಹಾಲು ಪ್ರತಿಸಲವೂ ನೂರು ಪಟ್ಟಾಗಿ ಸಮುದ್ರವನ್ನೂ ಮೀರುತ್ತದೆ. ಕೊನೆಯ ಚಿತ್ರವನ್ನು ಮಾತ್ರ ನೋಡಿದರೆ ಮೂರು ಸಾಲುಗಳೂ ಒಂದೇ: ಅಗಲವಿಲ್ಲದ, ಅನಂತ ಎತ್ತರದ ಒಂದು ಗೆರೆ. ಆದರೆ ಮೊದಲನೆಯದರಲ್ಲಿ ಒಂದು ಲೀಟರ್ ಉಂಟು, ಎರಡನೆಯದರಲ್ಲಿ ಹನಿಯೂ ಇಲ್ಲ, ಮೂರನೆಯದಕ್ಕೆ ಲೆಕ್ಕವೇ ಇಲ್ಲ. ಅನಂತವೆಂಬ ಒಂದೇ ಮಾತು ಮೂರು ಬೇರೆ ಬೇರೆ ಸತ್ಯಗಳನ್ನು ಮರೆಮಾಡಿಬಿಡುತ್ತದೆ. ಹೇಗೆ ಬಂದೆವೆಂಬುದನ್ನು ಮರೆತರೆ ಎಲ್ಲಿಗೆ ಬಂದೆವೆಂಬುದೂ ತಿಳಿಯದು.

ಇನ್ನು ಡೆಲ್ಟಾ ಮಾಡುವ ಕೆಲಸ. ಒಂದು ಊರಿನಲ್ಲಿ ನಡು ಮಧ್ಯಾಹ್ನದ ಉಷ್ಣತೆ ಎಷ್ಟೆಂದು ತಿಳಿಯಬೇಕಾಗಿದೆ. ಹನ್ನೊಂದೂವರೆಯಿಂದ ಹನ್ನೆರಡೂವರೆಯವರೆಗಿನ ಸರಾಸರಿಯನ್ನು ತೆಗೆದರೆ ಒಂದು ಅಂದಾಜು ಸಿಗುತ್ತದೆ. ಆ ಕಿಟಕಿಯನ್ನು ಹನ್ನೆರಡರ ಸುತ್ತಿನ ಒಂದು ನಿಮಿಷಕ್ಕೆ ಕಿರಿದುಗೊಳಿಸಿ, ಆ ನಿಮಿಷಕ್ಕೆ ಅರವತ್ತು ಪಟ್ಟು ತೂಕ ಕೊಟ್ಟರೆ ಅಂದಾಜು ಇನ್ನೂ ನಿಖರ. ಒಂದು ಸೆಕೆಂಡಿಗೆ ಇಳಿಸಿ 3,600 ಪಟ್ಟು ತೂಕ ಕೊಟ್ಟರೆ ಮತ್ತೂ ನಿಖರ. ಪ್ರತಿಸಲವೂ ಒಟ್ಟು ತೂಕ ಒಂದೇ. ಕಿಟಕಿ ಕಿರಿದಾದಂತೆಲ್ಲ ಸರಾಸರಿಯು ಒಂದು ನಿಶ್ಚಿತವಾದ ಸಂಖ್ಯೆಯತ್ತ ಸಾಗುತ್ತದೆ. ಅದೇ ಹನ್ನೆರಡು ಗಂಟೆಯ ಉಷ್ಣತೆ. ಕಿಟಕಿಯ ಆಕಾರ ಚೌಕವಾಗಿರಲಿ, ತ್ರಿಕೋನವಾಗಿರಲಿ, ಗಂಟೆಯಂತೆ ನುಣುಪಾಗಿ ಬಾಗಿರಲಿ, ಉತ್ತರ ಒಂದೇ. ಡೆಲ್ಟಾ ಮಾಡುವುದು ಇಷ್ಟೇ: ಪಕ್ಕದಲ್ಲಿ ಬಂದು ಕುಳಿತ ಫಲನದ ಒಂದು ಬಿಂದುವಿನ ಬೆಲೆಯನ್ನು ಎತ್ತಿಕೊಡುವುದು. ಯೋಗವಾಹವೆಂಬ ಹೋಲಿಕೆ ಇಲ್ಲಿಯೇ ಸಾರ್ಥಕವಾಗುವುದು.

ಒಂದು ತೊಡಕೂ ಉಂಟು. ಸರಿಯಾಗಿ ಹನ್ನೆರಡಕ್ಕೆ ವಿದ್ಯುದ್ದೀಪದ ಸ್ವಿಚ್ಚನ್ನು ಒತ್ತಿದರೆನ್ನೋಣ. ಅದಕ್ಕೆ ಮುಂಚೆ ಬೆಳಕು ಸೊನ್ನೆ, ಅನಂತರ ಒಂದು. ಹನ್ನೆರಡರ ಬೆಳಕು ಎಷ್ಟು? ಕಿಟಕಿಯನ್ನು ಹನ್ನೆರಡರ ಹಿಂದೆ ಇಟ್ಟು ಕಿರಿದುಗೊಳಿಸಿದರೆ ಸೊನ್ನೆ, ಮುಂದೆ ಇಟ್ಟರೆ ಒಂದು, ಸರಿ ನಡುವೆ ಇಟ್ಟರೆ ಅರ್ಧ. ಇಲ್ಲಿ ಡೆಲ್ಟಾ ಎಂಬ ಹೆಸರಷ್ಟೇ ಸಾಲದು. ಯಾವ ಸಾಲಿನಿಂದ ಬಂದ ಡೆಲ್ಟಾ ಎಂದು ಕೇಳಲೇಬೇಕು.

ಎಂಜಿನಿಯರಿನ ಕಣ್ಣು

ಈ ಫಲನಕ್ಕೆ ಹೆಸರನ್ನೂ ಪ್ರಸಿದ್ಧಿಯನ್ನೂ ತಂದುಕೊಟ್ಟವರು ಪಾಲ್ ಡಿರಾಕ್. 1902ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದ ಡಿರಾಕರು ಮೊದಲು ಓದಿದ್ದು ಗಣಿತವನ್ನಲ್ಲ, ವಿದ್ಯುತ್ ಎಂಜಿನಿಯರಿಂಗ್ ವಿದ್ಯೆಯನ್ನು. 1921ರಲ್ಲಿ ಪದವಿ ದೊರೆಯಿತು. ಆದರೆ ಮೊದಲನೆಯ ಮಹಾಯುದ್ಧದ ತರುವಾಯದ ಆ ದುರ್ದಿನಗಳಲ್ಲಿ ಕೆಲಸ ದೊರೆಯಲಿಲ್ಲ. ಎರಡು ವರ್ಷ ಬ್ರಿಸ್ಟಲಿನಲ್ಲಿಯೇ ಗಣಿತವನ್ನು ಅಭ್ಯಾಸ ಮಾಡಿ 1923ರಲ್ಲಿ ಕೇಂಬ್ರಿಡ್ಜಿಗೆ ಹೋದರು. ಎಂಜಿನಿಯರಿಂಗ್ ಶಿಕ್ಷಣವು ತಮಗೆ ಅಂದಾಜುಗಳನ್ನು ಗೌರವಿಸುವುದನ್ನು ಕಲಿಸಿತೆಂದು ಅವರು ಮುಂದೆ ಸ್ಮರಿಸಿಕೊಂಡದ್ದುಂಟು. ತೊಲೆಯ ಮೇಲೆ ಹೊರೆ ಹೇರಿದಾಗ ಎಂಜಿನಿಯರು ಅದನ್ನು ಒಂದು ಬಿಂದುವಿನ ಮೇಲೆ ಇಟ್ಟಂತೆ ಭಾವಿಸಿ ಲೆಕ್ಕ ಹಾಕುತ್ತಾನೆ. ನಿಜವಾಗಿ ಹೊರೆಯು ಕೆಲವು ಅಂಗುಲಗಳಷ್ಟಾದರೂ ಹರಡಿಕೊಂಡಿರುತ್ತದೆ; ಆದರೆ ತೊಲೆಯ ಉದ್ದದ ಮುಂದೆ ಆ ಅಂಗುಲಗಳಿಗೆ ಲೆಕ್ಕವಿಲ್ಲ. ಟೆಲಿಗ್ರಾಫ್ ತಂತಿಗಳ ಶಾಸ್ತ್ರದಲ್ಲಿ ದುಡಿದ ಆಲಿವರ್ ಹೆವಿಸೈಡ್ ಎಂಬ ಸ್ವಯಂಶಿಕ್ಷಿತ ಇಂಗ್ಲಿಷ್ ವಿಜ್ಞಾನಿಯು ಸ್ವಿಚ್ಚು ಒತ್ತಿದ ಕ್ಷಣದ ವಿದ್ಯುದಾಘಾತಕ್ಕೆ ಇದೇ ಬಗೆಯ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಳಸಿದ್ದರು. ಜರ್ಮನಿಯ ಕಿರ್ಖಾಫ್ 1882ರಲ್ಲಿ ಬೆಳಕಿನ ಸಿದ್ಧಾಂತವನ್ನು ಬರೆಯುವಾಗ ಗಂಟೆಯಾಕಾರದ ಗೆರೆಗಳನ್ನು ಕಿರಿದುಗೊಳಿಸುವ ಉಪಾಯವನ್ನೇ ಹಿಡಿದಿದ್ದರು.

ಡಿರಾಕರಿಗೆ ಇದರ ಅಗತ್ಯ ಬಂದದ್ದು ಹೀಗೆ. ಪರಮಾಣುವಿನೊಳಗೆ ಬಂಧಿತವಾದ ಎಲೆಕ್ಟ್ರಾನಿನ ಶಕ್ತಿಯು ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿರುತ್ತದೆ. ಒಂದು, ಎರಡು, ಮೂರು ಎಂದು ಎಣಿಸಬಹುದು. ಎರಡು ಮೆಟ್ಟಿಲುಗಳು ಒಂದೇ ಆದರೆ 1, ಬೇರೆಯಾದರೆ 0 ಎಂದು ಬರೆಯುವ ಚಿಹ್ನೆಯೊಂದು ಗಣಿತದಲ್ಲಿ ಮೊದಲೇ ಇತ್ತು. ಜರ್ಮನಿಯ ಕ್ರೋನೆಕರ್ ಅವರ ಹೆಸರಿನಲ್ಲಿ ಅದು ಪ್ರಸಿದ್ಧ. ಗ್ರೀಕ್ ಲಿಪಿಯ ಡೆಲ್ಟಾ ಅಕ್ಷರವೇ ಅದರ ಗುರುತು. ಆದರೆ ಎಲೆಕ್ಟ್ರಾನ್ ಇರುವ ಸ್ಥಾನ ಮೆಟ್ಟಿಲಲ್ಲ, ಇಳಿಜಾರು. ಅಲ್ಲಿ ಎಣಿಸಲು ಬಾರದಷ್ಟು ಬಿಂದುಗಳು. ಅಂಥ ಒಂದು ಬಿಂದುವಿಗೆ ಕೇವಲ 1 ಎಂಬ ಬೆಲೆ ಕೊಟ್ಟರೆ ಒಟ್ಟು ಮೊತ್ತಕ್ಕೆ ಅದರಿಂದ ಸೇರುವುದು ಸೊನ್ನೆ. ಇಳಿಜಾರಿಗೆ ತಕ್ಕ ಡೆಲ್ಟಾ ಬೇರೆಯೇ ಬೇಕಾಯಿತು. 1926ರ ಕೊನೆಯಲ್ಲಿ ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದುಕೊಂಡು ಬರೆದು, 1927ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಡಿರಾಕರು ಅದನ್ನು ಮುಂದಿಟ್ಟರು. ಅದು ಸರಿಯಾದ ಅರ್ಥದಲ್ಲಿ ಫಲನವಲ್ಲ, ಫಲನಗಳ ಒಂದು ಸಾಲಿನ ಪರಿಮಿತಿ ಮಾತ್ರವೆಂದು ಆ ಇಪ್ಪತ್ತನಾಲ್ಕರ ತರುಣರು ಅಲ್ಲಿಯೇ ಸ್ಪಷ್ಟವಾಗಿ ಒಪ್ಪಿಕೊಂಡಿದ್ದರೆಂಬುದನ್ನು ಅವರ ಟೀಕಾಕಾರರು ಎಷ್ಟೋ ಸಲ ಮರೆತರು.

ಎಲೆಕ್ಟ್ರಾನ್ ಎಲ್ಲಿದೆ?

ಕ್ವಾಂಟಂ ಶಾಸ್ತ್ರದಲ್ಲಿ ಎಲೆಕ್ಟ್ರಾನನ್ನು ಒಂದು ತರಂಗ ಪ್ರತಿನಿಧಿಸುತ್ತದೆ. ತರಂಗದ ಎತ್ತರದ ವರ್ಗವು ಎಲೆಕ್ಟ್ರಾನ್ ಅಲ್ಲಿ ಸಿಗುವ ಸಂಭವನೀಯತೆಯನ್ನು ತಿಳಿಸುತ್ತದೆ. ಎಲೆಕ್ಟ್ರಾನ್ ಎಲ್ಲಿಯಾದರೂ ಇರಲೇಬೇಕಾದ್ದರಿಂದ ಆ ವರ್ಗದ ಒಟ್ಟು ಹರವು ಒಂದಾಗಿರಬೇಕು. ‘ಎಲೆಕ್ಟ್ರಾನ್ ಸರಿಯಾಗಿ ಈ ಬಿಂದುವಿನಲ್ಲಿಯೇ ಇದೆ’ ಎಂದು ಹೇಳಬೇಕಾದರೆ ತರಂಗವನ್ನೇ ಡೆಲ್ಟಾ ಮಾಡಬಾರದೆ? ಪಠ್ಯಪುಸ್ತಕಗಳು ಹಾಗೆಯೇ ಬರೆಯುತ್ತವೆ. ಆದರೆ ಸಾಲನ್ನು ಹಿಡಿದು ನಡೆದರೆ ಗುಟ್ಟು ಹೊರಬೀಳುತ್ತದೆ. ತರಂಗದ ಅಗಲ ನೂರನೆಯ ಒಂದು ಪಾಲಾಗಿ, ಎತ್ತರ ನೂರು ಪಟ್ಟಾದರೆ, ಎತ್ತರದ ವರ್ಗ ಹತ್ತು ಸಾವಿರ ಪಟ್ಟಾಗುತ್ತದೆ. ವರ್ಗದ ಹರವು ನೂರು ಪಟ್ಟು ಬೆಳೆಯುತ್ತದೆ. ಮುಂದುವರಿದರೆ ಸಂಭವನೀಯತೆ ಅನಂತವಾಗುತ್ತದೆ. ಒಂದು ಎಲೆಕ್ಟ್ರಾನ್ ಸಿಗುವ ಸಂಭವ ಒಂದನ್ನು ಮೀರುವುದೆಂದರೆ ಅರ್ಥವಿಲ್ಲದ ಮಾತು.

ಸಂಭವನೀಯತೆಯನ್ನು ಒಂದರಲ್ಲಿಯೇ ನಿಲ್ಲಿಸಬೇಕಾದರೆ, ಅಗಲ ನೂರನೆಯ ಒಂದು ಪಾಲಾದಾಗ ತರಂಗದ ಎತ್ತರ ಹತ್ತು ಪಟ್ಟು ಮಾತ್ರ ಏರಬೇಕು. ಓದುಗರಿಗೆ ಈ ಲೆಕ್ಕ ಪರಿಚಿತವಾದದ್ದೇ: ಹಾಲು ಬತ್ತಿಹೋದ ಎರಡನೆಯ ಸಾಲು ಇದು! ಸಂಭವನೀಯತೆಯು ಡೆಲ್ಟಾದ ಕಡೆಗೆ ಹೋಗುವಾಗ ತರಂಗದ ಹರವು ಸೊನ್ನೆಯ ಕಡೆಗೆ ಹೋಗುತ್ತದೆ. ಆದುದರಿಂದ ಒಂದೇ ಬಿಂದುವಿನಲ್ಲಿ ನಿಂತ ಎಲೆಕ್ಟ್ರಾನ್ ಎಂಬ ಸ್ಥಿತಿ ನಿಸರ್ಗದಲ್ಲಿಲ್ಲ. ಅತ್ತ ಸಾಗುವ ದಾರಿ ಮಾತ್ರ ಉಂಟು.

ಆ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಸುಂಕ ತೆರಬೇಕು. ವರ್ನರ್ ಹೈಸೆನ್‌ಬರ್ಗ್ 1927ರಲ್ಲಿ ತೋರಿಸಿದಂತೆ, ಸ್ಥಾನ ನಿಖರವಾದಷ್ಟೂ ವೇಗ ಅನಿಶ್ಚಿತವಾಗುತ್ತದೆ. ಎಲೆಕ್ಟ್ರಾನಿನ ಸ್ಥಾನದ ಅನಿಶ್ಚಯವನ್ನು ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲಿಗೆ, ಅಂದರೆ ಸುಮಾರು ಪರಮಾಣುವಿನ ಗಾತ್ರಕ್ಕೆ ಇಳಿಸಿದರೆ, ಅದರ ವೇಗದ ಅನಿಶ್ಚಯ ಕಡಿಮೆಯೆಂದರೂ ಸೆಕೆಂಡಿಗೆ ಸುಮಾರು 580 ಕಿಲೋಮೀಟರ್. ಅದರ ಹತ್ತನೆಯ ಒಂದು ಪಾಲಿಗೆ ಅಮುಕಿದರೆ 5,800 ಕಿಲೋಮೀಟರ್. ವೇಗ ಹತ್ತು ಪಟ್ಟಾದಾಗ ಅದಕ್ಕೆ ಬೇಕಾದ ಶಕ್ತಿ ನೂರು ಪಟ್ಟು. ಬಿಂದುವಿನವರೆಗೆ ಒಯ್ಯಬೇಕೆಂದರೆ ಲೋಕದ ಶಕ್ತಿಯೆಲ್ಲವೂ ಸಾಲದು. ಎಲೆಕ್ಟ್ರಾನ್ ಬಿಂದುವಿನಲ್ಲಿ ಸಿಕ್ಕಿಬೀಳದೆ ಹೋಗುವುದು ನಮ್ಮ ಉಪಕರಣಗಳ ಒರಟುತನದಿಂದಲ್ಲ. ಅದು ತರಂಗದ ಸ್ವಭಾವ.

ಹಾಗಾದರೆ ಡೆಲ್ಟಾದಿಂದ ಪ್ರಯೋಜನವೇನು? 1931ರಲ್ಲಿ ಕ್ರೋನಿಗ್ ಮತ್ತು ಪೆನಿ ಎಂಬ ಇಬ್ಬರು ವಿಜ್ಞಾನಿಗಳು ಮಾಡಿದ ಲೆಕ್ಕ ಇದಕ್ಕೆ ಒಳ್ಳೆಯ ಉತ್ತರ. ಸ್ಫಟಿಕದಲ್ಲಿ ಪರಮಾಣುಗಳು ಸಾಲಾಗಿ ನಿಂತಿರುತ್ತವೆ; ಅವುಗಳ ನಡುವೆ ಎಲೆಕ್ಟ್ರಾನ್ ಸಾಗಬೇಕು. ಅವರು ಆ ದಾರಿಗೆ ಅಡ್ಡವಾಗಿ ಸಮದೂರದಲ್ಲಿ ಗೋಡೆಗಳ ಸಾಲನ್ನು ಕಲ್ಪಿಸಿದರು. ಬಳಿಕ ಪ್ರತಿ ಗೋಡೆಯನ್ನೂ ಎತ್ತರಿಸುತ್ತ, ಅಷ್ಟೇ ಪ್ರಮಾಣದಲ್ಲಿ ತೆಳುಗೊಳಿಸುತ್ತ ಹೋದರು. ಎತ್ತರ ಅಗಲಗಳ ಗುಣಲಬ್ಧ ಮಾತ್ರ ಬದಲಾಗಲಿಲ್ಲ. ಕೊನೆಯಲ್ಲಿ ಉಳಿದದ್ದು ಡೆಲ್ಟಾಗಳ ಒಂದು ಬೇಲಿ. ತೊಡಕಾದ ಸಮೀಕರಣ ಒಮ್ಮೆಗೇ ಸರಳವಾಯಿತು. ಎಲೆಕ್ಟ್ರಾನಿಗೆ ಕೆಲವು ಪಟ್ಟೆಗಳ ಶಕ್ತಿ ಮಾತ್ರ ಅನುಮತ, ನಡುವಣ ಪಟ್ಟೆಗಳು ನಿಷಿದ್ಧ ಎಂಬುದು ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ತಾಮ್ರದಲ್ಲಿ ವಿದ್ಯುತ್ತು ಹರಿಯುವುದೇಕೆ, ಗಾಜಿನಲ್ಲಿ ಹರಿಯದೇಕೆ, ಟ್ರಾನ್ಸಿಸ್ಟರಿನ ಸಿಲಿಕಾನ್ ಎರಡರ ನಡುವೆ ನಿಲ್ಲುವುದೇಕೆ ಎಂಬುದನ್ನು ತಿಳಿಯಲು ಈ ಪಟ್ಟೆಗಳ ಕಲ್ಪನೆಯೇ ಆಧಾರ. ಸ್ಫಟಿಕದೊಳಗೆ ಅನಂತ ಎತ್ತರದ ಗೋಡೆ ನಿಜವಾಗಿ ಇಲ್ಲ. ಆದರೆ ಗೋಡೆಯ ದಪ್ಪಕ್ಕಿಂತ ಎಲೆಕ್ಟ್ರಾನಿನ ಅಲೆ ಬಹಳ ಉದ್ದವಾಗಿದ್ದಾಗ ಅಲೆಗೆ ಗೋಡೆಯ ಆಕಾರ ಕಾಣಿಸುವುದಿಲ್ಲ. ಅದರ ಒಟ್ಟು ತೂಕ ಮಾತ್ರ ತಾಗುತ್ತದೆ. ತೊಲೆಗೆ ಹೊರೆಯ ಅಂಗುಲಗಳು ಲೆಕ್ಕಕ್ಕೆ ಬಾರದಂತೆಯೇ ಇದೂ.

ವ್ಯಾಕರಣ ದೊರೆತದ್ದು

ಬುಡಾಪೆಸ್ಟಿನಲ್ಲಿ ಹುಟ್ಟಿದ ಮೇಧಾವಿ ಜಾನ್ ಫಾನ್ ನಾಯ್ಮನ್ ಇದಕ್ಕೆಲ್ಲ ಒಪ್ಪಲಿಲ್ಲ. 1932ರಲ್ಲಿ ಹೊರಬಂದ ತಮ್ಮ ಜರ್ಮನ್ ಗ್ರಂಥದಲ್ಲಿ ಅವರು, ಆತ್ಮವಿರೋಧವುಳ್ಳ ಫಲನವನ್ನು ನೆಚ್ಚದೆಯೇ ಕ್ವಾಂಟಂ ಶಾಸ್ತ್ರವನ್ನು ಕಟ್ಟಬಹುದೆಂದು ತೋರಿಸಿಕೊಟ್ಟರು. ಅವರ ಕಟ್ಟಡ ಭದ್ರವಾಗಿತ್ತು. ಆದರೆ ಭೌತವಿಜ್ಞಾನಿಗಳು ಡೆಲ್ಟಾವನ್ನು ಬಿಡಲಿಲ್ಲ. ಲೆಕ್ಕ ಸುಲಭ, ಉತ್ತರ ಸರಿ; ಬಿಡುವುದೇಕೆ?

ಈ ವ್ಯಾಜ್ಯವನ್ನು ಬಗೆಹರಿಸಿದವರು ಫ್ರಾನ್ಸಿನ ಲೊರಾಂ ಶ್ವಾರ್ಟ್ಸ್. ಯೆಹೂದಿ ಮನೆತನದ ಅವರು ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಸುಳ್ಳು ಹೆಸರಿನಿಂದ ಅಡಗಿ ಬದುಕಬೇಕಾಯಿತು. ಪ್ಯಾರಿಸ್ ಬಿಡುಗಡೆಯಾದ ಕೆಲವೇ ತಿಂಗಳುಗಳಲ್ಲಿ, 1944ರ ನವೆಂಬರಿನ ಒಂದು ರಾತ್ರಿ, ಅವರಿಗೆ ಮುಖ್ಯ ಭಾವನೆ ಹೊಳೆಯಿತು. ಡೆಲ್ಟಾ ‘ಆ ಬಿಂದುವಿನಲ್ಲಿ ಎಷ್ಟಿದೆ’ ಎಂದು ಕೇಳುವುದೇ ತಪ್ಪು. ‘ನುಣುಪಾದ ಯಾವುದೇ ಫಲನವನ್ನು ಕೊಟ್ಟರೆ ಅದು ಏನನ್ನು ಹಿಂತಿರುಗಿಸುತ್ತದೆ’ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಸ್ಪಷ್ಟ: ಕೊಟ್ಟ ಫಲನದ ಒಂದು ಬಿಂದುವಿನ ಬೆಲೆ. ವಸ್ತುವಿನ ಲಕ್ಷಣವನ್ನು ಅದರ ಸ್ವರೂಪದಿಂದಲ್ಲ, ಅದರ ವ್ಯಾಪಾರದಿಂದ ಹೇಳುವುದು ಎಂದರೆ ಇದೇ. ರಷ್ಯದ ಸೋಬೊಲೆಫ್ 1930ರ ದಶಕದಲ್ಲಿಯೇ ಈ ದಾರಿಯಲ್ಲಿ ನಡೆದಿದ್ದರು; ಅದನ್ನು ಸರ್ವಾಂಗಸುಂದರವಾದ ಶಾಸ್ತ್ರವಾಗಿ ಬೆಳೆಸಿದ ಕೀರ್ತಿ ಶ್ವಾರ್ಟ್ಸರದು. 1950ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಅವರಿಗೆ ಸಂದಿತು. ಡಿರಾಕರ ಸಾಲುಗಳು ಈಗ ಅಧಿಕೃತವಾದವು: ಸಾಲಿನ ಪ್ರತಿಯೊಂದು ಫಲನವೂ ನೆರೆಯ ಫಲನದೊಡನೆ ಮಾಡುವ ಕೆಲಸ ಒಂದು ನಿಶ್ಚಿತ ಬೆಲೆಗೆ ಸಾಗಿದರೆ, ಆ ಸಾಲಿಗೆ ಪರಿಮಿತಿ ಉಂಟೆಂದು ಅರ್ಥ.

ಆದರೆ ಹೊಸ ವ್ಯಾಕರಣ ಒಂದು ನಿಷೇಧವನ್ನೂ ವಿಧಿಸಿತು. ಇಂಥ ವಸ್ತುಗಳನ್ನು ಕೂಡಿಸಬಹುದು, ಕಳೆಯಬಹುದು. ಮನಬಂದಂತೆ ಒಂದನ್ನೊಂದರಿಂದ ಗುಣಿಸಲಾಗದು. ಸಾಮಾನ್ಯ ಗುಣಾಕಾರದ ನಿಯಮಗಳನ್ನೆಲ್ಲ ಉಳಿಸಿಕೊಂಡು ಅದು ಸಾಧ್ಯವಿಲ್ಲವೆಂದು ಶ್ವಾರ್ಟ್ಸರು 1954ರಲ್ಲಿ ಸಾಧಿಸಿ ತೋರಿಸಿದರು. ಡೆಲ್ಟಾದ ವರ್ಗವನ್ನು ಮಾಡಹೊರಟ ಎಲೆಕ್ಟ್ರಾನಿನ ಗತಿ ಏನಾಯಿತೆಂಬುದನ್ನು ಮೇಲೆ ನೋಡಿದ್ದಾಗಿದೆ. ಬೆಳಕು ಮತ್ತು ಎಲೆಕ್ಟ್ರಾನುಗಳ ಪರಸ್ಪರ ಕ್ರಿಯೆಯನ್ನು ವಿವರಿಸುವ ಕ್ವಾಂಟಂ ಕ್ಷೇತ್ರಸಿದ್ಧಾಂತದಲ್ಲಿ ಇಂಥ ಗುಣಾಕಾರಗಳು ಹೆಜ್ಜೆಹೆಜ್ಜೆಗೂ ಎದುರಾಗಿ, ಉತ್ತರ ಅನಂತವಾಗತೊಡಗಿತು. 1940ರ ದಶಕದಲ್ಲಿ ಟೊಮೊನಾಗ, ಶ್ವಿಂಗರ್, ಫೈನ್‌ಮನ್ ಇವರು ಆ ಅನಂತಗಳನ್ನು ಕ್ರಮಬದ್ಧವಾಗಿ ನಿವಾರಿಸುವ ವಿಧಾನವನ್ನು ಕಂಡುಹಿಡಿದರು. 1965ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಯೋಗಗಳೊಡನೆ ಅವರ ಉತ್ತರ ಅದ್ಭುತವಾಗಿ ತಾಳೆಯಾಯಿತು.

ಅದನ್ನು ಕೊನೆಯವರೆಗೂ ಮೆಚ್ಚದೆ ಉಳಿದವರಲ್ಲಿ ಡಿರಾಕರು ಪ್ರಮುಖರು. ಗಣಿತದ ಶಿಸ್ತನ್ನು ಮೀರಿದನೆಂದು ಯೌವನದಲ್ಲಿ ಟೀಕೆಗೆ ಗುರಿಯಾದ ಮನುಷ್ಯನೇ ವೃದ್ಧಾಪ್ಯದಲ್ಲಿ ಶಿಸ್ತಿನ ಪರವಾಗಿ ವಾದಿಸಿದ್ದು ಕೆಲವರಿಗೆ ವಿಪರೀತವಾಗಿ ಕಂಡಿತು. ಆದರೆ ಅದರಲ್ಲಿ ವಿರೋಧವಿಲ್ಲ. ಒಂದು ಪರಿಮಾಣ ತೀರ ಚಿಕ್ಕದಾದಾಗ ಅದನ್ನು ಕೈಬಿಡುವುದು ಎಂಜಿನಿಯರಿನ ವಿವೇಕ. ಅದು ಅನಂತವಾಗಿ ತೊಂದರೆ ಕೊಡುತ್ತಿದೆಯೆಂದು ಕೈಬಿಡುವುದು ವಿವೇಕವಲ್ಲವೆಂಬುದು ಅವರ ನಿಲುವು. ಮುಂದಿನ ತಲೆಮಾರಿನ ವಿಜ್ಞಾನಿಗಳು ಆ ವಿಧಾನಕ್ಕೆ ಹೆಚ್ಚು ತೃಪ್ತಿಕರವಾದ ಅರ್ಥವನ್ನು ಕಂಡುಕೊಂಡರು. ಆ ಅರ್ಥದ ಸಾರವೂ ಇದೇ: ಅತಿ ಸೂಕ್ಷ್ಮವಾದ ದೂರಗಳಿಗೆ ಮೊದಲು ಒಂದು ಗಡಿ ಹಾಕಿಕೊಂಡು, ಲೆಕ್ಕವನ್ನು ಅಳತೆಗೆ ಸಿಕ್ಕುವಂತೆ ಇಟ್ಟುಕೊಂಡು, ಪರಿಮಿತಿಯನ್ನು ಕಟ್ಟಕಡೆಗೆ ತೆಗೆದುಕೊಳ್ಳುವುದು.

ಡಿರಾಕರು 1984ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಆ ಪುಟ್ಟ ಚಿಹ್ನೆಯನ್ನು ಇಂದಿಗೂ ಲೋಕದ ಎಲ್ಲ ಕಾಲೇಜುಗಳ ಭೌತಶಾಸ್ತ್ರ ವಿದ್ಯಾರ್ಥಿಗಳು ಬರೆಯುತ್ತಾರೆ. ಅದನ್ನು ಬರೆಯುವಾಗ ಪಾತ್ರೆಗಳ ಸಾಲು ಮನಸ್ಸಿನಲ್ಲಿದ್ದರೆ ಲೆಕ್ಕ ದಾರಿ ತಪ್ಪುವುದಿಲ್ಲ. ಪಾತ್ರೆ ಎಷ್ಟೇ ಸಪೂರವಾಗಲಿ, ಹಾಲು ಒಂದು ಲೀಟರ್ ಉಳಿದಿದೆಯೆ ಎಂದು ನೋಡಿಕೊಳ್ಳುತ್ತಿರಬೇಕು, ಅಷ್ಟೇ.